‘ಹಲ್ಲು ಕಚ್ಚು’ ಅನ್ನುವ ಮೊದಲು: ಮಕ್ಕಳ ಇಕ್ಕಟ್ಟಾದ ಮೇಲ್ದವಡೆ ಗುರುತಿಸುವ ಬಗೆ

ಹುಡುಗನಿಗೆ ಎಂಟು ವರ್ಷ. ಜಗಳೂರು ಕಡೆಯಿಂದ ಅಜ್ಜಿ ಜೊತೆ ಬೆಳಗಿನ ಬಸ್ಸಿಗೆ ದಾವಣಗೆರೆಗೆ ಬಂದಿದ್ದ. ಕುರ್ಚಿ ಮೇಲೆ ಕೂರಿಸಿ ನಾನು ಕೈಗವಸು ಹಾಕಿಕೊಳ್ಳುವಷ್ಟರಲ್ಲೇ ಅಜ್ಜಿ, “ಕಚ್ಚಿ ತೋರ್ಸೋ ತಮ್ಮಾ” ಅಂದರು. ಅವನು ಗಟ್ಟಿಯಾಗಿ ಕಚ್ಚಿದ. ಬಲಗಡೆ ಮೇಲಿನ ದವಡೆ ಹಲ್ಲುಗಳು ಕೆಳಗಿನ ಹಲ್ಲುಗಳ ಒಳಗೆ ಹೋಗಿ ಕೂತಿದ್ದವು. ಎಡಗಡೆ ಎಲ್ಲ ನೆಟ್ಟಗಿತ್ತು. ಗದ್ದ ಒಂಚೂರು ಬಲಕ್ಕೆ ಸರಿದಿತ್ತು.

“ಒಂದ್ ಕಡೆ ಹಲ್ಲು ಒಳಗೆ ಹೋಗ್ಯಾವೆ ಡಾಕ್ಟ್ರಮ್ಮಾ. ಇವ್ರಪ್ಪಂದೂ ಹಿಂಗೇ ಇತ್ತು. ಹಾಲುಹಲ್ಲು ಎಲ್ಲಾ ಬಿದ್ಮೇಲೆ ತೋರ್ಸಿದ್ರಾತು ಅಂತ ಇದ್ವಿ.”

ನಾನು ಅವನಿಗೆ ಬೇರೆ ಹೇಳಿದೆ. “ಬಾಯಿ ದೊಡ್ಡದಾಗಿ ತೆಗಿ. ನಾಲಿಗೆ ತುದೀನ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿಸು. ಈಗ ನಿಧಾನಕ್ಕೆ, ನಿಧಾನಕ್ಕೆ ಮುಚ್ಚು. ಹಲ್ಲಿಗೆ ಹಲ್ಲು ತಾಗಿದ ತಕ್ಷಣ ನಿಲ್ಲು.” ಬಾಯಿ ತೆರೆದಿದ್ದಾಗ ಗದ್ದ ನಟ್ಟನಡುವೆ ಇತ್ತು. ಮುಚ್ಚುತ್ತಾ ಬಂದಾಗ ಮೇಲಿನ, ಕೆಳಗಿನ ಕೋರೆಹಲ್ಲುಗಳ ತುದಿ ಎರಡೂ ಬದಿಯಲ್ಲಿ ಒಂದಕ್ಕೊಂದು ತಾಗಿದವು. ಅಲ್ಲಿ ಅಗಿಯಲಾಗುವುದಿಲ್ಲವಲ್ಲ, ಅಭ್ಯಾಸಬಲದಿಂದ ದವಡೆ ಬಲಕ್ಕೆ ಜಾರಿ ಕೂತಿತು. ಅಂದರೆ ಒಂದು ಬದಿಯದಲ್ಲ ತೊಂದರೆ. ಮೇಲ್ದವಡೆ ಎರಡೂ ಕಡೆ ಸಮನಾಗಿ ಇಕ್ಕಟ್ಟು. ಕೆಳದವಡೆ ಪಾಪ ಜಾಗ ಹುಡುಕಿಕೊಂಡು ಒಂದು ಪಕ್ಕಕ್ಕೆ ಹೋಗುತ್ತಿದೆ.

ಈ ಲೇಖನದ ಹುರುಳು ಇಷ್ಟೇ. ಕಚ್ಚಿದ ಬಾಯಿ ಅರ್ಧ ಸತ್ಯ ಹೇಳುತ್ತದೆ. ಮುಚ್ಚುವಾಗ ಏನಾಗುತ್ತದೆ ಅನ್ನುವುದನ್ನು ನೋಡಿದರೆ ಉಳಿದರ್ಧ ಸಿಗುತ್ತದೆ. ಮನೆಯಲ್ಲಿ ತಂದೆತಾಯಿ ಏನು ನೋಡಬಹುದು, ಆಸ್ಪತ್ರೆಯಲ್ಲಿ ನಾವು ಏನು ಅಳೆಯುತ್ತೇವೆ, ಯಾವುದನ್ನು ಎಷ್ಟು ನಂಬಬೇಕು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಯಾವ ವಯಸ್ಸಿಗೆ ನೋಡಬೇಕು

ಏಳಕ್ಕೆ. ಆರು ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಮೂಡುತ್ತದೆ. ಯಾವ ಹಲ್ಲೂ ಬೀಳದೆ ಹುಟ್ಟುವುದರಿಂದ ಬಹಳ ಮನೆಗಳಲ್ಲಿ ಅದನ್ನೂ ಹಾಲುಹಲ್ಲು ಅಂತಲೇ ತಿಳಿದಿರುತ್ತಾರೆ. ಅದು ಮೇಲೂ ಕೆಳಗೂ ಬಂದು ಕೂತರೆ ದವಡೆಯ ಅಗಲ ಅಳೆಯಲು ಗಟ್ಟಿ ಗುರುತು ಸಿಕ್ಕಂತೆ.

“ಎಲ್ಲಾ ಹಲ್ಲು ಬಿದ್ದು ಹುಟ್ಟಲಿ, ಆಮೇಲೆ ಕ್ಲಿಪ್ ಹಾಕಿಸೋಣ” ಅನ್ನುವುದು ಸೊಟ್ಟ ಹಲ್ಲಿಗೆ ಎಷ್ಟೋ ಸಲ ಸರಿಯಾದ ಮಾತೇ. ಇಕ್ಕಟ್ಟಾದ ದವಡೆಗೆ ಸರಿಯಲ್ಲ. ಮೇಲ್ದವಡೆ ಒಂದೇ ಮೂಳೆಯಲ್ಲ, ಎರಡು ಅರ್ಧ. ಅಂಗುಳದ ನಡುವೆ ಅವು ಸೇರುವ ಬೆಸುಗೆ ಇದೆ. ಚಿಕ್ಕವರಲ್ಲಿ ಅದು ಸಡಿಲ. ವಯಸ್ಸಿಗೆ ಬರುತ್ತಾ ಎರಡು ಅಂಚುಗಳೂ ಗರಗಸದ ಹಲ್ಲಿನಂತೆ ಒಂದರೊಳಗೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತವೆ. ಚಿಕ್ಕ ವಯಸ್ಸಿನಲ್ಲಿ ಒಂದು ಸಣ್ಣ ತಿರುಪಿನ ಸಾಧನ ಸಾಕು, ಬೆಸುಗೆ ಮೆಲ್ಲಗೆ ಬಿಡಿಸಿಕೊಂಡು ದವಡೆ ಅಗಲವಾಗುತ್ತದೆ. ಈ ಉಪಾಯ ಹೊಸದೂ ಅಲ್ಲ. ಅಮೆರಿಕದ ಎಮರ್ಸನ್ ಏಂಜೆಲ್ ಎಂಬ ದಂತವೈದ್ಯ 1860ರಲ್ಲೇ ಇದನ್ನು ಬರೆದಿಟ್ಟ. ಹದಿನೆಂಟು ದಾಟಿದವರಿಗೆ ಎಷ್ಟೋ ಸಲ ಮೂಳೆಗೇ ಸ್ಕ್ರೂ ಕೂರಿಸಬೇಕಾಗುತ್ತದೆ, ಇಲ್ಲವೇ ಶಸ್ತ್ರಚಿಕಿತ್ಸೆ. ಹೆಣ್ಣುಮಕ್ಕಳು ಬೇಗ ಬೆಳೆಯುವುದರಿಂದ ಅವರ ವಿಷಯದಲ್ಲಿ ಕಾಲ ಇನ್ನೂ ಕಡಿಮೆ.

ಮನೆಯಲ್ಲಿ: ಮೊಬೈಲ್ ಟಾರ್ಚ್, ಒಂದು ಸ್ಟೀಲ್ ಚಮಚ

ಮಗುವನ್ನು ಚಾಪೆ ಮೇಲೆ ಮಲಗಿಸಿ ತಲೆ ನಿಮ್ಮ ತೊಡೆ ಮೇಲಿರಲಿ. ನಿಂತ ಮಗುವಿನ ಬಾಯೊಳಗೆ ಇಣುಕಿದರೆ ಮುಂದಿನ ಹಲ್ಲಷ್ಟೇ ಕಾಣುತ್ತವೆ, ನಮಗೆ ಬೇಕಾದ್ದು ಹಿಂದಿನವು. ಚಮಚದ ಹಿಡಿಯಿಂದ ಕೆನ್ನೆಯನ್ನು ಮೆಲ್ಲಗೆ ಸರಿಸಿ. ಅತ್ತರೆ ಬಿಟ್ಟುಬಿಡಿ, ನಾಳೆ ನೋಡಿದರಾಯಿತು.

ಮೊದಲು ಅಂಗುಳ. ತಲೆ ಹಿಂದಕ್ಕೆ ಬಾಗಿಸಿ ಬಾಯಿ ಪೂರ್ತಿ ತೆರೆಸಿ ಒಂದು ಫೋಟೋ ತೆಗೆಯಿರಿ. ಹಲ್ಲಿನ ಸಾಲು ಎತ್ತಿನ ಕಾಲಿಗೆ ಹೊಡೆಯುವ ಲಾಳದಂತಲ್ಲ, ಕುದುರೆ ಲಾಳದಂತೆ ದುಂಡಗೆ ತೆರೆದುಕೊಂಡಿರಬೇಕು. ಮುಂದೆ ಚೂಪಾಗಿ, ಹಿಂದೆಯೂ ಬಿಗಿಯಾಗಿ, ನಡುವೆ ಆಳವಾದ ಓಣಿಯಂತೆ ಕಂಡರೆ ಗುರುತು ಮಾಡಿಕೊಳ್ಳಿ. ಆಳ ಎಂಬುದು ಕಣ್ಣಿಗೆ ಮೋಸ ಮಾಡುತ್ತದೆ, ಹುಷಾರು. ಅಗಲ ಕಡಿಮೆಯಾದರೆ ಸಾಮಾನ್ಯ ಎತ್ತರದ ಅಂಗುಳವೂ ಬಾವಿಯಂತೆ ಕಾಣುತ್ತದೆ.

ಆಮೇಲೆ ಹಾಲುಹಲ್ಲುಗಳ ನಡುವಿನ ಸಂದು. ಇಲ್ಲಿ ನಮ್ಮ ಜನರ ಲೆಕ್ಕ ತಲೆಕೆಳಗು. ಐದು ವರ್ಷದ ಮಗುವಿನ ಹಲ್ಲು ‘ಮುತ್ತು ಪೋಣಿಸಿದ ಹಾಗೆ’ ಒತ್ತಾಗಿದ್ದರೆ ಹೊಗಳುತ್ತಾರೆ, ಸಂದಿದ್ದರೆ ಗಾಬರಿಯಾಗಿ ಕರೆತರುತ್ತಾರೆ. ಸಂದಿರುವುದೇ ಒಳ್ಳೆಯದು. ಮುಂದೆ ಬರುವ ಹಲ್ಲು ಹಾಲುಹಲ್ಲಿಗಿಂತ ದೊಡ್ಡವು, ಅವಕ್ಕೆ ಜಾಗ ಬೇಕು. ಆ ಒತ್ತು ಮುತ್ತಿನ ಸಾಲಿನ ತಾಯಿಗೆ ನಾನು ಇದನ್ನು ಹೇಳಿದಾಗ ಅವರ ಮುಖ ಸಪ್ಪಗಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಸಂದಿಲ್ಲದಿದ್ದರೆ ದವಡೆ ಇಕ್ಕಟ್ಟು ಅಂತಲೇ ಅರ್ಥವಲ್ಲ, ಆದರೆ ಉಳಿದ ಲಕ್ಷಣಗಳ ಜೊತೆ ಸೇರಿಸಿ ನೋಡಬೇಕು.

ಈಗ ಕಚ್ಚುವ ಸರದಿ. ಊಟದ ಡಬ್ಬಿಯನ್ನು ನೆನೆಸಿಕೊಳ್ಳಿ. ಮುಚ್ಚಳ ಡಬ್ಬಿಯ ಹೊರಗಿನಿಂದ ಕೂರಬೇಕು. ಹಾಗೆಯೇ ಮೇಲಿನ ಹಲ್ಲಿನ ಸಾಲು ಸುತ್ತಲೂ ಕೆಳಗಿನ ಸಾಲಿಗಿಂತ ಚೂರು ಹೊರಗಿರಬೇಕು. ಎಲ್ಲಾದರೂ ಮುಚ್ಚಳ ಡಬ್ಬಿಯ ಒಳಗೆ ಬಿದ್ದಂತೆ ಮೇಲಿನ ಹಲ್ಲು ಒಳಗಾಗಿದ್ದರೆ ಅದೇ ಕ್ರಾಸ್‌ಬೈಟ್.

ಕೊನೆಯದು ನಾನು ಆ ಹುಡುಗನಿಗೆ ಮಾಡಿಸಿದ್ದು. ಮಗುವನ್ನು ನೆಟ್ಟಗೆ ಕೂರಿಸಿ, ಎದುರಿನಿಂದ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ಇಡಿ. ನಾಲಿಗೆ ಮಡಚಿ ನಿಧಾನಕ್ಕೆ ಬಾಯಿ ಮುಚ್ಚಲಿ. ಮೂಗಿನ ತುದಿ, ಮೇಲಿನ ಎರಡು ಬಾಚಿಹಲ್ಲುಗಳ ನಡುವಿನ ಗೆರೆ, ಕೆಳಗಿನವುಗಳ ನಡುವಿನ ಗೆರೆ ಮೂರನ್ನೂ ನೋಡಿ. ತೆರೆದಾಗ ಮೂರೂ ಒಂದೇ ಗೆರೆಯಲ್ಲಿದ್ದು, ಮುಚ್ಚಿದಾಗ ಮಾತ್ರ ಕೆಳಗಿನದು ಪಕ್ಕಕ್ಕೆ ಹೋದರೆ ದವಡೆ ಜಾರುತ್ತಿದೆ. ತೆರೆದಾಗಲೂ ಗದ್ದ ಸೊಟ್ಟಗೇ ಇದ್ದರೆ ವಿಷಯ ಬೇರೆ. ಚಿಕ್ಕಂದಿನಲ್ಲಿ ಗದ್ದ ಕೆಳಗಾಗಿ ಬಿದ್ದು ಕಿವಿಯ ಮುಂದಿನ ಕೀಲಿಗೆ ಪೆಟ್ಟಾಗಿರಬಹುದು. ‘ತೊಟ್ಟಿಲಿಂದ ಬಿದ್ದಿದ್ದ’, ‘ಕಟ್ಟೆ ಮೇಲಿಂದ ಬಿದ್ದು ಗದ್ದಕ್ಕೆ ಹೊಲಿಗೆ ಹಾಕಿಸಿದ್ವಿ’ ಅನ್ನುವ ಹಳೆ ಸಂಗತಿ ನೆನಪಿದ್ದರೆ ವೈದ್ಯರಿಗೆ ಹೇಳಿ. ಅಗಲ ಮಾಡುವ ತಿರುಪು ಅದಕ್ಕೆ ಮದ್ದಲ್ಲ.

ಮೂಗು ನೋಡದೆ ಬಾಯಿ ನೋಡಬೇಡಿ

ನಾಲಿಗೆ ಅಂಗುಳಕ್ಕೆ ಆನಿಕೊಂಡಿದ್ದರೆ ಒಳಗಿನಿಂದ ಅದರ ಒತ್ತು, ಹೊರಗಿನಿಂದ ಕೆನ್ನೆಯ ಒತ್ತು ಸರಿದೂಗುತ್ತವೆ. ಮೂಗು ಕಟ್ಟಿದ ಮಗು ಬಾಯಲ್ಲಿ ಉಸಿರಾಡುತ್ತದೆ. ಬಾಯಿ ತೆರೆದರೆ ನಾಲಿಗೆ ಕೆಳಗಿಳಿಯುತ್ತದೆ, ಕೆನ್ನೆಯ ಒತ್ತಡಕ್ಕೆ ಎದುರಾಗಿ ಯಾರೂ ಇಲ್ಲದಂತಾಗುತ್ತದೆ. ಹೆಬ್ಬೆರಳು ಚೀಪುವವರಲ್ಲೂ ಹೀಗೆಯೇ: ನಾಲಿಗೆ ಬೆರಳಿನ ಕೆಳಗೆ, ಚೀಪುವ ಬಲಕ್ಕೆ ಕೆನ್ನೆ ಒಳಕ್ಕೆ. ಎಲ್ಲ ಮಕ್ಕಳಿಗೂ ಇದೇ ಕಾರಣವಲ್ಲ. ಅಪ್ಪನ ಅಥವಾ ಅಮ್ಮನ ದವಡೆಯ ಆಕಾರವೇ ಬಂದಿರಬಹುದು, ಸೀಳಂಗುಳಕ್ಕೆ ಶಸ್ತ್ರಚಿಕಿತ್ಸೆಯಾದ ಮಕ್ಕಳಲ್ಲಿ ಗಾಯದ ಕಲೆಯೇ ದವಡೆಯ ಬೆಳವಣಿಗೆಯನ್ನು ಹಿಡಿದಿಟ್ಟಿರಬಹುದು.

ನಮ್ಮ ಕಡೆ ಮೆಕ್ಕೆಜೋಳದ ಒಕ್ಕಣೆ ಶುರುವಾದರೆ ಧೂಳಿಗೆ ಮೂಗು ಸೋರುವ, ಸೀನುವ ಮಕ್ಕಳು ಸಾಲುಗಟ್ಟಿ ಬರುತ್ತಾರೆ. ‘ನೆಗಡಿ ಬಿಡಂಗಿಲ್ಲ’ ಅನ್ನುತ್ತಾರೆ. ಅದು ವರ್ಷವಿಡೀ ಇದೆಯೇ, ಸುಗ್ಗಿಯಲ್ಲಿ ಮಾತ್ರವೇ ಅನ್ನುವುದನ್ನು ಬರೆದಿಟ್ಟುಕೊಳ್ಳಿ.

ಒಂದು ಸುಲಭದ ಪರೀಕ್ಷೆ: ಟಿವಿ ನೋಡುವಾಗ ಒಂದು ಗುಟುಕು ನೀರು ಬಾಯಲ್ಲಿ ಹಿಡಿದು ಎರಡು ನಿಮಿಷ ತುಟಿ ಮುಚ್ಚಿಕೊಂಡಿರಲು ಹೇಳಿ. ಆಗದೆ ನುಂಗಿಬಿಟ್ಟರೆ, ಉಗಿದರೆ ಮೂಗಿನ ದಾರಿಯ ಮೇಲೆ ಅನುಮಾನ. ಮೂಗಿನ ಕೆಳಗೆ ತಣ್ಣನೆಯ ಕನ್ನಡಿ ಹಿಡಿದು ಎರಡೂ ಹೊಳ್ಳೆಯಿಂದ ಸಮನಾಗಿ ಮಂಜು ಕವಿಯುತ್ತದೆಯೇ ಎಂದೂ ನೋಡಬಹುದು. ರಾತ್ರಿ ಗೊರಕೆ, ದಿಂಬು ಒದ್ದೆಯಾಗುವಷ್ಟು ಜೊಲ್ಲು, ನಿದ್ದೆಯಲ್ಲಿ ಉಸಿರು ನಿಂತು ಮತ್ತೆ ಎಳೆದುಕೊಳ್ಳುವುದು ಇದ್ದರೆ ಹಲ್ಲಿನ ಡಾಕ್ಟರಿಗಿಂತ ಮೊದಲು ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ. ಮೂಗಿನ ಹಿಂದುಗಡೆ ಇರುವ ಅಡಿನಾಯ್ಡ್ ಗ್ರಂಥಿ ಅಥವಾ ಗಂಟಲಿನ ಟಾನ್ಸಿಲ್ ದೊಡ್ಡದಾಗಿದ್ದರೆ ಅದೇ ಮೊದಲ ಕೆಲಸ. ದವಡೆ ಅಗಲ ಮಾಡಿದರೆ ಗೊರಕೆ ಹೋಗುತ್ತದೆ, ಓದಿನಲ್ಲಿ ಚುರುಕಾಗುತ್ತಾರೆ ಎಂದು ಯಾರಾದರೂ ಹೇಳಿದರೆ ನಾನಂತೂ ಆ ಮಾತಿನ ಮೇಲೆ ಮಗುವಿನ ಬಾಯಿಗೆ ತಿರುಪು ಹಾಕುವುದಿಲ್ಲ. ದವಡೆ ನಿಜಕ್ಕೂ ಇಕ್ಕಟ್ಟಾಗಿದ್ದರೆ ಮಾತ್ರ ಅಗಲ ಮಾಡಬೇಕು.

ಬೆರಳು ಚೀಪುವುದನ್ನು ದೊಡ್ಡ ಮಕ್ಕಳು ಒಪ್ಪಿಕೊಳ್ಳುವುದಿಲ್ಲ. ಕೇಳಬೇಡಿ, ಹೆಬ್ಬೆರಳು ನೋಡಿ. ಉಳಿದ ಒಂಬತ್ತಕ್ಕಿಂತ ಬೆಳ್ಳಗೆ ತೊಳೆದಂತಿರುತ್ತದೆ.

ಆಸ್ಪತ್ರೆಯಲ್ಲಿ: ಮೂಳೆಯೋ, ಹಲ್ಲೋ

ದಾವಣಗೆರೆಯ ಜನರಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು. 1979ರಿಂದ ಬಾಪೂಜಿ ದಂತ ವೈದ್ಯಕೀಯ ಕಾಲೇಜು ಇದೆ, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇದೆ, ಚಿತ್ರದುರ್ಗದಲ್ಲಿ ಎಸ್.ಜೆ.ಎಂ. ದಂತ ಕಾಲೇಜು. ಚೀಟಿ ಮಾಡಿಸುವಾಗ ‘ಆರ್ಥೋಡಾಂಟಿಕ್ಸ್’ (ಹಲ್ಲು, ದವಡೆಯ ಜೋಡಣೆ ಸರಿಪಡಿಸುವ ವಿಭಾಗ) ಅಥವಾ ‘ಮಕ್ಕಳ ಹಲ್ಲಿನ ವಿಭಾಗ’ ಎಂದು ಕೇಳಿ. ‘ಆರ್ಥೋ’ ಎಂದಷ್ಟೇ ಹೇಳಿ ಮೂಳೆ ಡಾಕ್ಟರ ಸಾಲಿನಲ್ಲಿ ನಿಂತು ಬಂದವರಿದ್ದಾರೆ.

ನಮ್ಮ ಮುಂದಿರುವ ಪ್ರಶ್ನೆ ಒಂದೇ. ಹಲ್ಲು ಒಳಕ್ಕೆ ವಾಲಿದೆಯೋ, ಅದು ನಿಂತ ಮೂಳೆಯೇ ಇಕ್ಕಟ್ಟೋ? ಮೊದಲನೆಯದಕ್ಕೆ ಹಲ್ಲನ್ನು ಹೊರಕ್ಕೆ ತಳ್ಳಿದರೆ ಸಾಕು. ಎರಡನೆಯದಕ್ಕೆ ಹಾಗೆ ಮಾಡಿದರೆ ಹಲ್ಲು ಕೆನ್ನೆಯ ಕಡೆ ವಾಲಿ, ವಸಡು ಸವೆದು, ಆಮೇಲೆ ಮತ್ತೆ ಹಳೆಯ ಜಾಗಕ್ಕೇ ಬರುತ್ತದೆ.

ಅದಕ್ಕೆ ಅಚ್ಚು ತೆಗೆಯುತ್ತೇವೆ. ಕೆಲವೆಡೆ ಈಗ ಸ್ಕ್ಯಾನರ್ ಇದೆ. ನನಗೆ ಬಿಳಿ ಪ್ಲಾಸ್ಟರಿನ ಅಚ್ಚೇ ಇಷ್ಟ, ಕೈಯಲ್ಲಿ ಹಿಡಿದು ಹಿಂದಿನಿಂದ ನೋಡಬಹುದು. ಮೂಳೆ ಇಕ್ಕಟ್ಟಾಗಿ, ಹಲ್ಲು ಅದನ್ನು ಮುಚ್ಚಿಡಲು ಹೊರಕ್ಕೆ ವಾಲಿದ್ದರೆ ಮೇಲಿನ ದವಡೆ ಹಲ್ಲಿನ ಅಂಗುಳದ ಕಡೆಯ ತುದಿ ಕೆಳಗೆ ಜೋತುಬಿದ್ದಿರುತ್ತದೆ. ಕೆಳಗಿನ ದವಡೆ ಹಲ್ಲುಗಳು ನಾಲಿಗೆಯ ಕಡೆಗೆ ವಾಲಿಕೊಂಡು ಜೊತೆ ಕೊಟ್ಟಿರುತ್ತವೆ. ಹೀಗೆ ಎರಡೂ ಸೇರಿ ನಾಟಕವಾಡಿದರೆ ಕ್ರಾಸ್‌ಬೈಟ್ ಇಲ್ಲದೆಯೇ ದವಡೆ ಇಕ್ಕಟ್ಟಾಗಿರಬಹುದು. ‘ಕ್ರಾಸ್‌ಬೈಟ್ ಇಲ್ಲ, ಹಾಗಾಗಿ ಸರಿ ಇದೆ’ ಅನ್ನುವಂತಿಲ್ಲ.

ಮತ್ತೆ ಅಳತೆ. ಮೇಲಿನ ಮೊದಲ ಶಾಶ್ವತ ದವಡೆ ಹಲ್ಲುಗಳೆರಡರ ಒಳಬದಿಯಲ್ಲಿ, ವಸಡು ಹಲ್ಲಿಗೆ ಸೇರುವ ಅಂಚಿನಿಂದ ಅಂಚಿಗೆ ಕ್ಯಾಲಿಪರ್ ಇಡುತ್ತೇವೆ. ಅಮೆರಿಕದ ಆರ್ಥೋಡಾಂಟಿಸ್ಟ್ ಜೇಮ್ಸ್ ಮ್ಯಾಕ್‌ನಮಾರಾ ಕೊಟ್ಟ ಅಂದಾಜಿನಂತೆ ಈ ಅಂತರ 36ರಿಂದ 39 ಮಿಲಿಮೀಟರ್ ಇದ್ದರೆ ಸಾಧಾರಣ ಗಾತ್ರದ ಹಲ್ಲುಗಳು ಇಕ್ಕಟ್ಟಿಲ್ಲದೆ ಹಿಡಿಯುತ್ತವೆ. 31ಕ್ಕಿಂತ ಕಡಿಮೆಯಾದರೆ ಅನುಮಾನ ಗಟ್ಟಿ. ಇನ್ನೂ ಹಾಲುಹಲ್ಲಿರುವ ಮಗುವಿನಲ್ಲಿ ಸ್ವಲ್ಪ ಕಡಿಮೆ ಇರುವುದು ಸಹಜ, ಬೆಳೆಯುವುದು ಬಾಕಿ ಇದೆ. ಜಗಳೂರಿನ ಆ ಹುಡುಗನದು 29. ಸಂಖ್ಯೆಯನ್ನೇ ನೆಚ್ಚಿ ತೀರ್ಮಾನ ಮಾಡಬಾರದು. ಸಣ್ಣ ಹಲ್ಲಿನ, ಸಣ್ಣ ಮುಖದ ಮಗುವಿಗೆ 32 ಧಾರಾಳವಾದೀತು. ಮುಂದಿನ ನಾಲ್ಕು ಹಲ್ಲಿನ ಅಗಲ ಕೂಡಿಸಿ ದವಡೆ ಎಷ್ಟಿರಬೇಕೆಂದು ಲೆಕ್ಕ ಹಾಕುವ ಪಾಂಟ್ ಸೂತ್ರ 1909ರಿಂದ ಪಠ್ಯಪುಸ್ತಕದಲ್ಲಿದೆ. ಪರೀಕ್ಷೆಗೆ ಓದಿ, ಮಗುವಿನ ಮೇಲೆ ಪ್ರಯೋಗಿಸಬೇಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಅನುಮಾನ ಉಳಿದರೆ ಎದುರಿನಿಂದ ತೆಗೆಯುವ ತಲೆಯ ಎಕ್ಸ್-ರೇ. ಅಮೆರಿಕದ ಇನ್ನೊಬ್ಬ ಆರ್ಥೋಡಾಂಟಿಸ್ಟ್ ರಿಕೆಟ್ಸ್ ಅವರ ಲೆಕ್ಕದಲ್ಲಿ ಒಂಬತ್ತು ವರ್ಷದ ಮಗುವಿನ ಮೇಲ್ದವಡೆಯ ಮೂಳೆ ಅಗಲ ಸುಮಾರು 62 ಮಿಲಿಮೀಟರ್, ಕೆಳದವಡೆಯದು 76. ನಡುವಿನ ವ್ಯತ್ಯಾಸ 14. ಕೆಳದವಡೆ ಹೆಚ್ಚು ವೇಗವಾಗಿ ಅಗಲವಾಗುವುದರಿಂದ ಹದಿನಾರರ ಹೊತ್ತಿಗೆ ಈ ವ್ಯತ್ಯಾಸ 20ರ ಹತ್ತಿರ ಬರುತ್ತದೆ. ಒಂಬತ್ತರಲ್ಲೇ 20 ಇದ್ದರೆ ಮೇಲ್ದವಡೆ ಹಿಂದೆ ಬಿದ್ದಿದೆ ಎಂದೇ. ಆದರೆ ಮಗು ತಲೆ ಚೂರು ತಿರುಗಿಸಿದರೂ ಈ ಚಿತ್ರ ಕೆಡುತ್ತದೆ, ಅಂಕಿಗಳೂ ಇಲ್ಲಿಯ ಮಕ್ಕಳದಲ್ಲ. ಬಾಯಿ, ಅಚ್ಚು, ಎಕ್ಸ್-ರೇ ಮೂರೂ ಒಂದೇ ಮಾತು ಹೇಳಿದರೆ ನಂಬುತ್ತೇನೆ. ಎಕ್ಸ್-ರೇ ಒಂದೇ ಬೇರೆ ರಾಗ ಎಳೆದರೆ ಮತ್ತೆ ಬಾಯಿ ನೋಡುತ್ತೇನೆ.

ಅಂಗುಳದ ಬೆಸುಗೆ ಎಷ್ಟು ಗಟ್ಟಿಯಾಗಿದೆ ಎಂದು ಸಿಬಿಸಿಟಿ ಎಂಬ ಮೂರು ಆಯಾಮದ ಎಕ್ಸ್-ರೇ ಸ್ಕ್ಯಾನಿನಲ್ಲಿ ಐದು ಹಂತಗಳಾಗಿ ಗುರುತಿಸುವ ಕ್ರಮವನ್ನು 2013ರಲ್ಲಿ ಆಂಜೆಲಿಯೆರಿ ಮತ್ತು ಸಂಗಡಿಗರು ಪ್ರಕಟಿಸಿದರು. ಹದಿನೈದು ದಾಟಿದವರಲ್ಲಿ ಅದಕ್ಕೆ ಬೆಲೆಯಿದೆ. ಎಂಟು ವರ್ಷದ ಮಗುವಿಗೆ ಇದೊಂದಕ್ಕಾಗಿ ಸ್ಕ್ಯಾನ್ ಬೇಕಿಲ್ಲ. ಬರೆದುಕೊಟ್ಟರೆ ಯಾಕೆಂದು ಕೇಳುವ ಹಕ್ಕು ನಿಮಗಿದೆ.

ನಾನು ಎಡವಿದ ಜಾಗ

ವೃತ್ತಿಯ ಮೊದಲ ವರ್ಷಗಳಲ್ಲಿ ಹತ್ತು ವರ್ಷದ ಹುಡುಗಿ ಬಂದಿದ್ದಳು. ಮೇಲಿನ ಹಲ್ಲು ಉಬ್ಬು, ಕೆಳದವಡೆ ಹಿಂದೆ. ದವಡೆ ಹಲ್ಲು ಎರಡೂ ಬದಿ ನೆಟ್ಟಗೆ ಕಚ್ಚುತ್ತಿದ್ದವು. ಅಗಲ ಸರಿ ಇದೆ ಎಂದು ಬರೆದು, ಕೆಳದವಡೆಯನ್ನು ಮುಂದಕ್ಕೆ ತರುವ ಸಾಧನ ಕೊಟ್ಟೆ. ಕೆಲವೇ ತಿಂಗಳಲ್ಲಿ ಎರಡೂ ಬದಿ ಕ್ರಾಸ್‌ಬೈಟ್! ದವಡೆಯ ಸಾಲು ಹಿಂದೆ ಹೋದಷ್ಟೂ ಅಗಲ, ಮುಂದೆ ಬಂದಷ್ಟೂ ಕಿರಿದು. ಕೆಳದವಡೆ ಹಿಂದೆ ಇದ್ದಷ್ಟು ದಿನ ಅದರ ಕಿರಿದಾದ ಭಾಗ ಮೇಲಿನ ಇಕ್ಕಟ್ಟಿಗೆ ಹೊಂದಿಕೊಂಡಿತ್ತು. ಮುಂದೆ ಬಂದಾಗ ಗುಟ್ಟು ರಟ್ಟಾಯಿತು. ಆ ಮಗುವಿನ ಒಂದು ವರ್ಷ ನನ್ನಿಂದ ಹಾಳಾಯಿತು.

ಈಗ ಹಲ್ಲು ಉಬ್ಬಿರುವ ಪ್ರತಿ ಮಗುವಿಗೂ ಕೆಳದವಡೆಯನ್ನು ಮುಂದಕ್ಕೆ ಚಾಚಿ, ಬಾಚಿಹಲ್ಲುಗಳ ತುದಿಗೆ ತುದಿ ತಾಗಿಸಿ ನಿಲ್ಲಲು ಹೇಳುತ್ತೇನೆ. ಆಮೇಲೆ ದವಡೆ ಹಲ್ಲು ನೋಡುತ್ತೇನೆ. ಇದನ್ನು ನೀವು ಮನೆಯಲ್ಲೂ ಮಾಡಿಸಬಹುದು. ಇದರ ತಿರುಗು ಮುರುಗೂ ಉಂಟು: ಕೆಳದವಡೆ ಮುಂದಿರುವ ಮಗುವಿನಲ್ಲಿ ಅದರ ಅಗಲವಾದ ಹಿಂಭಾಗ ಮುಂದೆ ಬಂದು, ಮೇಲ್ದವಡೆ ಇಕ್ಕಟ್ಟಿಲ್ಲದಿದ್ದರೂ ಕ್ರಾಸ್‌ಬೈಟ್ ಕಾಣುತ್ತದೆ. ಆಗ ಎರಡು ಅಚ್ಚುಗಳನ್ನು ಕೈಯಲ್ಲಿ ಹಿಡಿದು ಕೋರೆಹಲ್ಲುಗಳು ಸರಿಯಾಗಿ ಸೇರುವಂತೆ ಹೊಂದಿಸಿ ನೋಡಿದರೆ ನಿಜ ತಿಳಿಯುತ್ತದೆ.

ಹೋಗುವಾಗ ಏನು ಒಯ್ಯಬೇಕು, ಏನು ಕೇಳಬೇಕು

ಬಾಯಿ ಮುಚ್ಚುವ ವಿಡಿಯೋ, ಅಂಗುಳದ ಫೋಟೋ, ಗೊರಕೆ ಇದ್ದರೆ ರಾತ್ರಿಯ ಒಂದು ನಿಮಿಷದ ಧ್ವನಿ. ಮಗು ಭಯದಲ್ಲಿ ಆಸ್ಪತ್ರೆಯಲ್ಲಿ ಮುಚ್ಚುವ ರೀತಿಗೂ ಮನೆಯಲ್ಲಿ ಮುಚ್ಚುವ ರೀತಿಗೂ ವ್ಯತ್ಯಾಸವಿರುತ್ತದೆ, ಹಾಗಾಗಿ ಆ ವಿಡಿಯೋ ನನಗೆ ಎಕ್ಸ್-ರೇಗಿಂತ ಹೆಚ್ಚು ಕೆಲಸಕ್ಕೆ ಬಂದದ್ದುಂಟು.

ಕೇಳಬೇಕಾದ್ದು: ಇದು ಮೂಳೆಯದೋ ಹಲ್ಲಿನದೋ? ದವಡೆ ಜಾರುತ್ತಿದೆಯೇ? ಮೂಗು ಯಾರು ನೋಡಿದ್ದಾರೆ? ಈಗಲೇ ಬೇಕೇ, ಆರು ತಿಂಗಳು ಕಾಯಬಹುದೇ? ದವಡೆ ಜಾರುತ್ತಿದ್ದರೆ ನಾನು ಕಾಯುವುದಿಲ್ಲ, ಸೊಟ್ಟಗೆ ಅಗಿಯುತ್ತಾ ಬೆಳೆದರೆ ಮುಖವೂ ಒಂದು ಬದಿಗೆ ಬೆಳೆಯಬಹುದು. ಕೆಲವೊಮ್ಮೆ ಒಂದು ಎತ್ತರದ ಹಾಲು ಕೋರೆಹಲ್ಲನ್ನು ಚೂರು ಉಜ್ಜಿದರೇ ಜಾರುವುದು ನಿಲ್ಲುತ್ತದೆ, ತಿರುಪು ಸಾಧನವೂ ಬೇಡ. ಜಾರುವುದಿಲ್ಲ, ಅಳತೆ ಗಡಿಯಲ್ಲಿದೆ ಎಂದಾದರೆ ಆರು ತಿಂಗಳು ಬಿಟ್ಟು ಅದೇ ಹಲ್ಲು, ಅದೇ ಅಂಚಿನಿಂದ ಮತ್ತೆ ಅಳೆಯುತ್ತೇನೆ.

ಜಗಳೂರಿನ ಅಜ್ಜಿಗೆ ಇಷ್ಟನ್ನೂ ಹೇಳಿ, 29 ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಚೀಟಿ ಮಡಚಿ ಸೆರಗಿನ ಗಂಟಿಗೆ ಸೇರಿಸಿ, ಹುಡುಗನ ಗದ್ದ ಹಿಡಿದು, “ಎಲ್ಲಿ, ನಿಧಾನಕ್ಕೆ ಮುಚ್ಚು ನೋಡಾಣ” ಅಂದರು.